ಕಾಣದ ಪ್ರಾಣಿಯ ಲೆಕ್ಕ: ಚಳಿಗಾಲ, ಕ್ಯಾಮೆರಾ ಮತ್ತು ಹಿಮಚಿರತೆ



ವಾಣಿಜ್ಯ ವಿಭಾಗದ ಹುಡುಗಿ ಕಾಡುಪ್ರಾಣಿಯ ಬಗ್ಗೆ ಏಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಸಂಖ್ಯಾಶಾಸ್ತ್ರದ ತರಗತಿಯಲ್ಲಿದೆ. ಮಾದರಿ ಸಮೀಕ್ಷೆಯ ಪಾಠ ಮಾಡುವಾಗ ನಮ್ಮ ಉಪನ್ಯಾಸಕರು ಒಂದು ಪ್ರಶ್ನೆ ಕೇಳಿದರು: "ಕೆರೆಯ ನೀರು ಬತ್ತಿಸದೆ ಅದರಲ್ಲಿರುವ ಮೀನುಗಳನ್ನು ಎಣಿಸುವುದು ಹೇಗೆ?" ಉತ್ತರ ಹುಡುಕುತ್ತಾ ಹೋದಾಗ ಅದೇ ವಿಧಾನದಿಂದ ಹಿಮಾಲಯದ ಹಿಮಚಿರತೆಗಳನ್ನು ಲೆಕ್ಕ ಹಾಕಿದ್ದಾರೆ ಎಂದು ತಿಳಿಯಿತು. ಮನೆಯಲ್ಲಿ ನಾನಿಗೆ ಇದನ್ನು ಹೇಳಿದೆ. ಉರ್ದುವಿನಲ್ಲಿ ಈ ಪ್ರಾಣಿಗೆ "ಬರ್ಫಾನಿ ಚೀತಾ" ಎನ್ನುತ್ತಾರೆ. ನಾನಿ ಅಕ್ಕಿ ಆರಿಸುತ್ತಾ ಕೇಳಿದ್ದು ಒಂದೇ ಮಾತು: "ನಜರ್‌ಇಚ್ ನೈ ಆತಾ ಸೋ ಜಾನ್ವರ್ ಕು ಕೈಸಾ ಗಿನ್ತೇ?" ಕಣ್ಣಿಗೇ ಬೀಳದ ಪ್ರಾಣಿಯನ್ನು ಹೇಗೆ ಎಣಿಸುತ್ತಾರೆ?

ಈ ಲೇಖನ ನಾನಿಯ ಪ್ರಶ್ನೆಗೆ ನನ್ನ ಉತ್ತರ. ಇದರ ಜೊತೆಗೆ ನನ್ನದೂ ಒಂದು ಪ್ರಶ್ನೆ ಇದೆ. ಟಿವಿಯಲ್ಲಿ ಹಿಮಚಿರತೆಯನ್ನು ನೋಡಿ ನಾವು ಸಂತೋಷಪಡುತ್ತೇವೆ. ಅದು ಜೀವಂತವಾಗಿ ಉಳಿಯಲು ಆಗುವ ಖರ್ಚು ಯಾರ ಖಾತೆಗೆ ಬೀಳುತ್ತದೆ? ಎರಡಕ್ಕೂ ಕ್ರಮವಾಗಿ ಉತ್ತರ ನೋಡೋಣ.

1. ಪ್ರಾಣಿಯ ಪರಿಚಯ

ಹಿಮಚಿರತೆ ಮಧ್ಯ ಏಷ್ಯಾ ಮತ್ತು ಹಿಮಾಲಯದ ಎತ್ತರದ ಬೆಟ್ಟಗಳಲ್ಲಿ ವಾಸಿಸುತ್ತದೆ. ಭಾರತ, ಪಾಕಿಸ್ತಾನ, ನೇಪಾಳ, ಚೀನಾ, ಮಂಗೋಲಿಯಾ ಸೇರಿ 12 ದೇಶಗಳಲ್ಲಿ ಇದರ ನೆಲೆ ಇದೆ. ನಮ್ಮ ದೇಶದಲ್ಲಿ ಲಡಾಖ್, ಜಮ್ಮು ಮತ್ತು ಕಾಶ್ಮೀರ, ಹಿಮಾಚಲ ಪ್ರದೇಶ, ಉತ್ತರಾಖಂಡ, ಸಿಕ್ಕಿಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಕಂಡುಬರುತ್ತದೆ. ಸಾಮಾನ್ಯವಾಗಿ 3,000 ಮೀಟರ್‌ಗಿಂತ ಮೇಲೆ ಓಡಾಡುತ್ತದೆ.

ನಮ್ಮ ಕಡೆಯ ಚಿರತೆಗಿಂತ ಇದರ ಮೈಕಟ್ಟು ಬೇರೆ. ಬೂದು ಮಿಶ್ರಿತ ಬಿಳಿ ಬಣ್ಣದ ದಟ್ಟ ತುಪ್ಪಳ, ಅದರ ಮೇಲೆ ಕಪ್ಪು ವರ್ತುಲಗಳು. ಬಾಲ ಹೆಚ್ಚೂಕಡಿಮೆ ಮೈಯಷ್ಟೇ ಉದ್ದ. ಕಡಿದಾದ ಬಂಡೆಗಳ ಮೇಲೆ ಓಡುವಾಗ ಸಮತೋಲನಕ್ಕೂ, ಮಲಗಿದಾಗ ಮೂತಿಗೆ ಸುತ್ತಿಕೊಂಡು ಚಳಿ ತಡೆಯಲೂ ಅದೇ ಆಧಾರ. ಅಗಲವಾದ ಪಾದಗಳು ಹಿಮದಲ್ಲಿ ಹೂತುಹೋಗುವುದಿಲ್ಲ. ಹುಲಿ, ಸಿಂಹಗಳ ಹಾಗೆ ಇದು ಘರ್ಜಿಸುವುದಿಲ್ಲ. ಬಂಡೆಯ ಬಣ್ಣದೊಂದಿಗೆ ಬೆರೆತು ಕುಳಿತರೆ ನೂರು ಮೀಟರ್ ದೂರದಿಂದ ನೋಡಿದರೂ ಗೊತ್ತಾಗುವುದಿಲ್ಲ. ನೀಲಿಕುರಿ (ಭರಲ್) ಮತ್ತು ಐಬೆಕ್ಸ್ ಎಂಬ ಕಾಡುಮೇಕೆ ಇದರ ಮುಖ್ಯ ಆಹಾರ. ಸಿಕ್ಕರೆ ಹಳ್ಳಿಯ ಕುರಿ, ಮೇಕೆಯನ್ನೂ ಬಿಡುವುದಿಲ್ಲ. ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2. ಹುಡುಕಾಟಕ್ಕೆ ಚಳಿಗಾಲವೇ ಏಕೆ?

ಲಡಾಖ್‌ನ ಚಳಿಗಾಲದಲ್ಲಿ ರಾತ್ರಿಯ ಉಷ್ಣಾಂಶ ಮೈನಸ್ 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅಂಥ ಸಮಯದಲ್ಲೇ, ಅಂದರೆ ಜನವರಿಯಿಂದ ಮಾರ್ಚ್‌ವರೆಗೆ, ಛಾಯಾಗ್ರಾಹಕರು ಮತ್ತು ಸಂಶೋಧಕರು ಹಿಮಚಿರತೆ ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾರೆ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಆಹಾರ. ಮೇಲಿನ ಹುಲ್ಲುಗಾವಲು ಹಿಮದಿಂದ ಮುಚ್ಚಿಹೋದಾಗ ನೀಲಿಕುರಿಗಳು ಮತ್ತು ಐಬೆಕ್ಸ್‌ಗಳು ಕೆಳಗಿನ ಕಣಿವೆಗೆ ಇಳಿಯುತ್ತವೆ. ಅವುಗಳ ಹಿಂದೆಯೇ ಹಿಮಚಿರತೆಯೂ ಇಳಿಯುತ್ತದೆ.

ಎರಡನೆಯದು ಸಂತಾನ. ಜನವರಿಯಿಂದ ಮಾರ್ಚ್ ಇವುಗಳು ಜೊತೆಗೂಡುವ ಕಾಲ. ಒಂಟಿಯಾಗಿ ತಿರುಗುವ ಪ್ರಾಣಿಗಳು ಆಗ ಸಂಗಾತಿಯನ್ನು ಅರಸುತ್ತಾ ಹೆಚ್ಚು ನಡೆಯುತ್ತವೆ, ಕೂಗು ಹಾಕುತ್ತವೆ, ಬಂಡೆಗಳಿಗೆ ವಾಸನೆ ಸಿಂಪಡಿಸುತ್ತವೆ, ಕಾಲಿನಿಂದ ನೆಲ ಕೆರೆದು ಗುರುತು ಬಿಡುತ್ತವೆ. ಮರಿಗಳು ಹುಟ್ಟುವುದು ಬೇಸಿಗೆಯ ಆರಂಭದಲ್ಲಿ.

ಮೂರನೆಯದು ಹಿಮ. ಬಂಡೆಯ ಮೇಲೆ ಹೆಜ್ಜೆ ಮೂಡುವುದಿಲ್ಲ, ಹಿಮದ ಮೇಲೆ ಮೂಡುತ್ತದೆ. ರಾತ್ರಿ ಯಾರು ಎತ್ತ ಹೋದರು ಎಂಬುದು ಬೆಳಗಾಗುವಷ್ಟರಲ್ಲಿ ಬರೆದಿಟ್ಟಂತೆ ಕಾಣುತ್ತದೆ.

3. ಹುಡುಕುವ ಕ್ರಮ

ಮೊದಲ ಪಾಠ ಉಸಿರಾಟದ್ದು. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ನಮ್ಮ ಬೆಂಗಳೂರು ಸುಮಾರು 900 ಮೀಟರ್. ವಿಮಾನದಲ್ಲಿ ಇಳಿದ ತಕ್ಷಣ ಬೆಟ್ಟ ಹತ್ತಲು ಹೊರಟವರು ತಲೆನೋವು, ವಾಂತಿಯಿಂದ ಮಲಗಬೇಕಾಗುತ್ತದೆ. ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಕನಿಷ್ಠ ಎರಡು ದಿನ ಸುಮ್ಮನೆ ವಿಶ್ರಾಂತಿ ತೆಗೆದುಕೊಂಡು ಆಮೇಲೆ ಮೇಲೆ ಹೋಗುತ್ತಾರೆ. ಲೇಹ್‌ಗೆ ಹತ್ತಿರದ ಹೆಮಿಸ್ ರಾಷ್ಟ್ರೀಯ ಉದ್ಯಾನ ಈ ಹುಡುಕಾಟಕ್ಕೆ ಪ್ರಸಿದ್ಧ. 1981ರಲ್ಲಿ ಸ್ಥಾಪನೆಯಾದ ಇದು ವಿಸ್ತೀರ್ಣದಲ್ಲಿ ದೇಶದ ಅತಿದೊಡ್ಡ ರಾಷ್ಟ್ರೀಯ ಉದ್ಯಾನ. ಅದರೊಳಗಿನ ರುಂಬಾಕ್ ಕಣಿವೆಯಲ್ಲಿ ಹಳ್ಳಿಯ ಜನರೇ ದಾರಿ ತೋರಿಸುತ್ತಾರೆ. ಅವರ ಭಾಷೆಯಲ್ಲಿ ಈ ಪ್ರಾಣಿಯ ಹೆಸರು "ಶಾನ್".

ಹುಡುಕುವವರು ಬೆಟ್ಟವೆಲ್ಲ ಅಲೆಯುವುದಿಲ್ಲ. ಮುಂಜಾನೆ ಮತ್ತು ಸಂಜೆ, ಎದುರಿನ ಬೆಟ್ಟ ಪೂರ್ತಿ ಕಾಣುವ ಒಂದು ಜಾಗದಲ್ಲಿ ಕುಳಿತು ದುರ್ಬೀನಿನಿಂದ ಬೆಟ್ಟದ ಏಣು, ಬಂಡೆಯ ಸಂದು, ಗುಹೆಯ ಬಾಯಿ ಹೀಗೆ ಒಂದೊಂದೇ ಸಾಲು ಓದುತ್ತಾರೆ. ತಾಳೆ ಪಟ್ಟಿಯಲ್ಲಿ ವ್ಯತ್ಯಾಸ ಬಂದಾಗ ನಾವು ಒಂದೊಂದು ನಮೂದನ್ನೂ ಬೆರಳಿಟ್ಟು ನೋಡುವುದಿಲ್ಲವೇ, ಹಾಗೆ.

ಕಣ್ಣಿಗಿಂತ ಮೊದಲು ಬೇರೆ ಪ್ರಾಣಿಗಳು ಸುದ್ದಿ ಕೊಡುತ್ತವೆ. ಮೇಯುತ್ತಿದ್ದ ನೀಲಿಕುರಿಗಳೆಲ್ಲ ತಲೆ ಎತ್ತಿ ಒಂದೇ ದಿಕ್ಕಿಗೆ ನೋಡುತ್ತಾ ನಿಂತರೆ ಅಲ್ಲಿ ಏನೋ ಇದೆ. ಒಂದೇ ಜಾಗದ ಮೇಲೆ ರಣಹದ್ದುಗಳು ಸುತ್ತುತ್ತಿದ್ದರೆ, ಕಾಗೆಗಳು ಸೇರಿದ್ದರೆ ಅಲ್ಲಿ ಬೇಟೆ ಬಿದ್ದಿರಬಹುದು. ದೊಡ್ಡ ಬೇಟೆ ಸಿಕ್ಕರೆ ಹಿಮಚಿರತೆ ಹಲವು ದಿನ ಅದರ ಪಕ್ಕದಲ್ಲೇ ಉಳಿಯುತ್ತದೆ. ಚಿತ್ರ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ.

4. ಕ್ಯಾಮೆರಾ ಹಿಡಿದವರು

ಕಾಡಿನಲ್ಲಿರುವ ಹಿಮಚಿರತೆಯ ಮೊದಲ ಚಿತ್ರಗಳನ್ನು ತೆಗೆದವರು ಜಾರ್ಜ್ ಶಾಲರ್ ಎಂಬ ಜೀವವಿಜ್ಞಾನಿ, 1970ರಲ್ಲಿ, ಪಾಕಿಸ್ತಾನದ ಚಿತ್ರಾಲ್ ಪ್ರದೇಶದಲ್ಲಿ. 1973ರಲ್ಲಿ ಅವರು ನೀಲಿಕುರಿಗಳ ಅಧ್ಯಯನಕ್ಕೆ ನೇಪಾಳದ ಡೋಲ್ಪೊಗೆ ಹೋದಾಗ ಪೀಟರ್ ಮ್ಯಾಥಿಸನ್ ಎಂಬ ಲೇಖಕರೂ ಜೊತೆಗಿದ್ದರು. ವಾರಗಟ್ಟಲೆ ನಡೆದರೂ ಮ್ಯಾಥಿಸನ್‌ಗೆ ಹಿಮಚಿರತೆ ಕಾಣಲಿಲ್ಲ. ಆದರೂ 1978ರಲ್ಲಿ ಬಂದ ಅವರ ಪುಸ್ತಕಕ್ಕೆ ಅವರು ಇಟ್ಟ ಹೆಸರು "ದಿ ಸ್ನೋ ಲೆಪರ್ಡ್". ನೋಡದೇ ಇದ್ದ ಪ್ರಾಣಿಯ ಹೆಸರಿನ ಪುಸ್ತಕ ಅವರಿಗೆ ಜಗತ್ತಿನಾದ್ಯಂತ ಹೆಸರು ತಂದಿತು.

2006ರಲ್ಲಿ ಬಿಬಿಸಿಯ "ಪ್ಲಾನೆಟ್ ಅರ್ಥ್" ಸರಣಿಯಲ್ಲಿ ಹಿಮಚಿರತೆ ಬೇಟೆಯಾಡುವ ದೃಶ್ಯವನ್ನು ಜನ ನೋಡಿದರು. ಅದನ್ನೂ ಚಿತ್ರಾಲ್‌ನಲ್ಲೇ ಚಿತ್ರೀಕರಿಸಲಾಗಿತ್ತು. ಪಾಕಿಸ್ತಾನದ ಪತ್ರಕರ್ತ ನಿಸಾರ್ ಮಲಿಕ್ ಮತ್ತು ಕ್ಯಾಮೆರಾಮನ್ ಮಾರ್ಕ್ ಸ್ಮಿತ್ ಇದಕ್ಕಾಗಿ ಬಹಳ ಕಾಲ ಆ ಬೆಟ್ಟಗಳಲ್ಲಿ ಕಾದರು. ಒಂದು ತಾಯಿ ಹಿಮಚಿರತೆ ಕಡಿದಾದ ಬೆಟ್ಟದಲ್ಲಿ ಮಾರ್ಖೋರ್ ಎಂಬ ಕಾಡುಮೇಕೆಯನ್ನು ಅಟ್ಟಿಸಿಕೊಂಡು ಇಳಿಯುತ್ತದೆ. ಮಾರ್ಖೋರ್ ನದಿಗೆ ಹಾರಿ ತಪ್ಪಿಸಿಕೊಳ್ಳುತ್ತದೆ. ಮರಿಯಿದ್ದ ತಾಯಿ ಬರಿಗೈಯಲ್ಲಿ ಹಿಂದಿರುಗುತ್ತದೆ. ನನಗೆ ಆ ದೃಶ್ಯ ಇಷ್ಟವಾದದ್ದು ಅದು ಸೋಲನ್ನು ತೋರಿಸುತ್ತದೆ ಎಂಬ ಕಾರಣಕ್ಕೆ. ಕಾಡಿನಲ್ಲಿ ಹೆಚ್ಚಿನ ಬೇಟೆಗಳು ವಿಫಲವಾಗುತ್ತವೆ. ಗೆದ್ದದ್ದನ್ನೇ ತೋರಿಸಿದರೆ ನೋಡುವವರಿಗೆ ಸುಳ್ಳು ಲೆಕ್ಕ ಸಿಗುತ್ತದೆ.

ಮುಂದಿನ ಹೆಜ್ಜೆ ಮನುಷ್ಯ ಇಲ್ಲದೆ ಚಿತ್ರ ತೆಗೆಯುವುದು. ಸ್ಟೀವ್ ವಿಂಟರ್ ಎಂಬ ಛಾಯಾಗ್ರಾಹಕರು ಹೆಮಿಸ್‌ನಲ್ಲಿ 14 ಕ್ಯಾಮೆರಾಗಳನ್ನು ಹಿಮಚಿರತೆಯ ದಾರಿಗಳಲ್ಲಿ ತಿಂಗಳುಗಟ್ಟಲೆ ಇಟ್ಟರು. ಸುರಿಯುವ ಹಿಮದಲ್ಲಿ, ರಾತ್ರಿ ನಡೆದುಬರುವ ಹಿಮಚಿರತೆಯ ಅವರ ಚಿತ್ರಕ್ಕೆ 2008ರಲ್ಲಿ "ವರ್ಷದ ವನ್ಯಜೀವಿ ಛಾಯಾಗ್ರಾಹಕ" ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಆ ಕ್ಷಣದಲ್ಲಿ ಕ್ಯಾಮೆರಾದ ಹಿಂದೆ ಯಾರೂ ಇರಲಿಲ್ಲ. 2016ರ "ಪ್ಲಾನೆಟ್ ಅರ್ಥ್ 2" ಸರಣಿಯ ತಂಡವೂ ಲಡಾಖ್‌ನಲ್ಲಿ ಇಂಥ ಕ್ಯಾಮೆರಾಗಳನ್ನೇ ನೆಚ್ಚಿಕೊಂಡಿತು. ತಾಯಿ, ಬೆಳೆದ ಮಗಳು ಮತ್ತು ಎರಡು ಗಂಡು, ಹೀಗೆ ನಾಲ್ಕು ಹಿಮಚಿರತೆಗಳು ಒಂದೇ ಕಡೆ ಎದುರಾದ ದೃಶ್ಯ ಅವರಿಗೆ ಸಿಕ್ಕಿತು.

5. ಕ್ಯಾಮೆರಾ ಟ್ರ್ಯಾಪ್ ಕೆಲಸ ಮಾಡುವ ಬಗೆ

ಕ್ಯಾಮೆರಾ ಟ್ರ್ಯಾಪ್ ಎಂದರೆ ಬೋನಲ್ಲ, ತಾನಾಗಿ ಚಿತ್ರ ತೆಗೆಯುವ ಪೆಟ್ಟಿಗೆ. ಅದರಲ್ಲಿ ಶಾಖವನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಸುತ್ತಲಿನ ತಣ್ಣನೆಯ ಹಿನ್ನೆಲೆಯಲ್ಲಿ ಬಿಸಿ ಮೈಯ ಪ್ರಾಣಿ ಹಾದುಹೋದರೆ ಸೆನ್ಸರ್ ಎಚ್ಚರಗೊಂಡು ಕ್ಯಾಮೆರಾ ಕ್ಲಿಕ್ಕಿಸುತ್ತದೆ. ಪ್ರತಿ ಚಿತ್ರದ ಮೇಲೆ ದಿನಾಂಕ, ಸಮಯ ದಾಖಲಾಗುತ್ತದೆ.

ಎಲ್ಲಿ ಇಡಬೇಕು ಎಂಬುದೇ ಜಾಣ್ಮೆ. ಕಿರಿದಾದ ಏಣು, ಎರಡು ಕಣಿವೆ ಕೂಡುವ ಜಾಗ, ಮುಂದಕ್ಕೆ ಚಾಚಿದ ಬಂಡೆಯ ಅಡಿ, ಇವು ಹಿಮಚಿರತೆಗಳ ನೋಟಿಸ್ ಬೋರ್ಡು ಇದ್ದಂತೆ. ಬಂದವರೆಲ್ಲ ಅಲ್ಲಿ ವಾಸನೆಯ ಗುರುತು ಬಿಟ್ಟು, ಹಿಂದೆ ಬಂದವರ ಗುರುತನ್ನು ಮೂಸಿ ಹೋಗುತ್ತವೆ. ಅಂಥ ಬಂಡೆ ಯಾವುದೆಂದು ದಿನವೂ ಕುರಿ ಮೇಯಿಸುವವರಿಗೆ ಗೊತ್ತಿರುತ್ತದೆ. ಆದ್ದರಿಂದ ಹಳ್ಳಿಯವರ ನೆರವಿಲ್ಲದೆ ಇಟ್ಟ ಕ್ಯಾಮೆರಾಗಳಿಗೆ ಹೆಚ್ಚಾಗಿ ಗಾಳಿಯೇ ಸಿಗುತ್ತದೆ.

ಚಳಿಯ ಕಷ್ಟಗಳೂ ಇವೆ. ತಣ್ಣಗಾದ ಬ್ಯಾಟರಿ ಬೇಗ ಸೋಲುತ್ತದೆ. ಹಾಗಾಗಿ ಕ್ಯಾಮೆರಾ ಟ್ರ್ಯಾಪ್‌ಗಳಿಗೆ ಚಳಿ ತಾಳುವ ಲಿಥಿಯಂ ಸೆಲ್ ಹಾಕುತ್ತಾರೆ, ಕೈಯಲ್ಲಿ ಹಿಡಿಯುವ ಕ್ಯಾಮೆರಾದ ಬ್ಯಾಟರಿಯನ್ನು ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳುತ್ತಾರೆ. ಹೊರಗಿನ ಕೊರೆಯುವ ಚಳಿಯಿಂದ ಬೆಚ್ಚನೆಯ ಕೋಣೆಗೆ ಕ್ಯಾಮೆರಾ ತಂದರೆ ಅದರ ಮೇಲೂ ಒಳಗೂ ನೀರಹನಿ ಕಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ಬೆವರುವುದು ಇದೇ ಕಾರಣಕ್ಕೆ. ಕ್ಯಾಮೆರಾವನ್ನು ಹೊರಗೇ ಚೀಲದಲ್ಲಿ ಭದ್ರವಾಗಿ ಕಟ್ಟಿ ಒಳಗೆ ತಂದು, ಅದು ನಿಧಾನವಾಗಿ ಬೆಚ್ಚಗಾದ ಮೇಲೆ ಚೀಲ ಬಿಚ್ಚುವುದು ಇದಕ್ಕೆ ಪರಿಹಾರ.

6. ನಾನಿಯ ಪ್ರಶ್ನೆಗೆ ಉತ್ತರ

ಈಗ ಎಣಿಕೆಗೆ ಬರೋಣ. ಇದರಲ್ಲಿ ನಮ್ಮ ಕರ್ನಾಟಕಕ್ಕೂ ಪಾಲಿದೆ. ಹುಲಿಯ ಪಟ್ಟೆಗಳು ನಮ್ಮ ಬೆರಳಚ್ಚಿನಂತೆ, ಒಂದರಂತೆ ಇನ್ನೊಂದಿಲ್ಲ. ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲಿ ಪಟ್ಟೆ ನೋಡಿ ಹುಲಿಗಳನ್ನು ಗುರುತಿಸಿ, ಅದಕ್ಕೆ ಸಂಖ್ಯಾಶಾಸ್ತ್ರದ ಸೂತ್ರ ಜೋಡಿಸಿ ಅಂದಾಜು ಮಾಡುವ ಕೆಲಸವನ್ನು ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಮಾಡಿ 1995ರಲ್ಲಿ ಪ್ರಕಟಿಸಿದರು. ಹಿಮಚಿರತೆಯ ಮೈಮೇಲಿನ ವರ್ತುಲಗಳೂ ಒಂದೊಂದಕ್ಕೂ ಬೇರೆ ಬೇರೆ. ಆದ್ದರಿಂದ ಅದೇ ದಾರಿ ಇಲ್ಲಿಯೂ ನಡೆಯುತ್ತದೆ.

ವಿಧಾನದ ಸರಳ ರೂಪ ಹೀಗಿದೆ:

ಒಟ್ಟು ಸಂಖ್ಯೆ = (ಮೊದಲ ಸುತ್ತಿನಲ್ಲಿ ಸಿಕ್ಕವು × ಎರಡನೇ ಸುತ್ತಿನಲ್ಲಿ ಸಿಕ್ಕವು) ÷ ಎರಡೂ ಸುತ್ತಿನಲ್ಲಿ ಸಿಕ್ಕವು

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಂದು ಕಣಿವೆಯಲ್ಲಿ ಜನವರಿ ತಿಂಗಳ ಚಿತ್ರಗಳಲ್ಲಿ 10 ಹಿಮಚಿರತೆಗಳನ್ನು ಗುರುತಿಸಿದೆವು. ಫೆಬ್ರವರಿಯಲ್ಲಿ 12 ಸಿಕ್ಕವು. ಈ 12ರಲ್ಲಿ 6 ಜನವರಿಯಲ್ಲೇ ನೋಡಿದವು. ಅಂದರೆ ಎರಡನೇ ಸುತ್ತಿನಲ್ಲಿ ಅರ್ಧದಷ್ಟು ಹಳೆಯ ಮುಖಗಳು. ಹಾಗಾದರೆ ಮೊದಲ ಸುತ್ತಿನ 10 ಎನ್ನುವುದು ಒಟ್ಟು ಸಂಖ್ಯೆಯ ಸುಮಾರು ಅರ್ಧ ಇರಬೇಕು. ಸೂತ್ರದಲ್ಲಿ ಹಾಕಿ: 10 × 12 ÷ 6 = 20. ಎರಡೂ ತಿಂಗಳು ಸೇರಿ ನಾವು ನಿಜವಾಗಿ ನೋಡಿದ್ದು 16, ಅಂದಾಜು 20. ಕಾಣದ 4ನ್ನೂ ಲೆಕ್ಕಕ್ಕೆ ತಂದಿದ್ದೇವೆ. ಕೆರೆಯ ಮೀನಿನ ಪ್ರಶ್ನೆಗೂ ಇದೇ ಉತ್ತರ. ಸಂಶೋಧಕರು ಬಳಸುವ ಸೂತ್ರಗಳು ಇದಕ್ಕಿಂತ ಕ್ಲಿಷ್ಟ. ಕ್ಯಾಮೆರಾ ಎಲ್ಲಿತ್ತು, ಪ್ರಾಣಿ ಎಷ್ಟು ದೂರ ಓಡಾಡುತ್ತದೆ ಎಂಬುದನ್ನೂ ಅವು ಪರಿಗಣಿಸುತ್ತವೆ. ಬುನಾದಿ ಮಾತ್ರ ಇದೇ.

ಭಾರತದಲ್ಲಿ ಹಿಮಚಿರತೆಗಳ ಮೊದಲ ವೈಜ್ಞಾನಿಕ ಗಣತಿ 2019ರಿಂದ 2023ರವರೆಗೆ ನಡೆಯಿತು. ಅದರ ವರದಿ ಜನವರಿ 2024ರಲ್ಲಿ ಬಂತು. ತಂಡಗಳು 13,450 ಕಿಲೋಮೀಟರ್ ನಡೆದು ಹೆಜ್ಜೆ, ಮಲ, ಕೆರೆದ ಗುರುತುಗಳನ್ನು ದಾಖಲಿಸಿದವು. 1,971 ಜಾಗಗಳಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟವು. ಚಿತ್ರಗಳಲ್ಲಿ ಬೇರೆ ಬೇರೆಯೆಂದು ಗುರುತಿಸಿದ ಹಿಮಚಿರತೆಗಳು 241. ದೇಶದ ಒಟ್ಟು ಅಂದಾಜು 718. ಅದರ ಹಂಚಿಕೆ ಹೀಗಿದೆ:

ಲಡಾಖ್ – 477
ಉತ್ತರಾಖಂಡ – 124
ಹಿಮಾಚಲ ಪ್ರದೇಶ – 51
ಅರುಣಾಚಲ ಪ್ರದೇಶ – 36
ಸಿಕ್ಕಿಂ – 21
ಜಮ್ಮು ಮತ್ತು ಕಾಶ್ಮೀರ – 9

ಈ ಗಣತಿಯನ್ನು ಭಾರತೀಯ ವನ್ಯಜೀವಿ ಸಂಸ್ಥೆ ಮುನ್ನಡೆಸಿತು. ಕೈಜೋಡಿಸಿದ ಸಂಸ್ಥೆಗಳಲ್ಲಿ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಒಂದು. ಹಿಮ ಬೀಳದ ಊರಿನಿಂದ ಹಿಮಚಿರತೆಯ ಕೆಲಸ ನಡೆಯುತ್ತಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

7. ತಾಳೆಯಾದರೂ ತಪ್ಪಿರಬಹುದು

ಒಂದೇ ವ್ಯವಹಾರವನ್ನು ಪುಸ್ತಕದಲ್ಲಿ ಎರಡು ಸಲ ಬರೆದು, ಎರಡೂ ಬದಿಗೆ ಸರಿಯಾಗಿ ಏರಿಸಿದರೆ ತಾಳೆ ಪಟ್ಟಿ ತಾಳೆಯಾಗುತ್ತದೆ, ತಪ್ಪು ಮಾತ್ರ ಒಳಗೇ ಉಳಿಯುತ್ತದೆ ಎಂದು ಲೆಕ್ಕಶಾಸ್ತ್ರದಲ್ಲಿ ಓದಿದ್ದೇವೆ. ಹಿಮಚಿರತೆಯ ಲೆಕ್ಕದಲ್ಲೂ ಇಂಥದ್ದೇ ಅಪಾಯವಿದೆ. ಒಂದೇ ಪ್ರಾಣಿಯ ಎಡ ಮಗ್ಗುಲು ಒಂದು ಚಿತ್ರದಲ್ಲಿ, ಮಸುಕಾದ ಬಾಲ ಇನ್ನೊಂದು ಚಿತ್ರದಲ್ಲಿ ಬಂದರೆ ನೋಡುವವರು ಎರಡು ಪ್ರಾಣಿ ಎಂದು ಬರೆದುಬಿಡಬಹುದು.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿತು. ಯಾವ ಪ್ರಾಣಿ ಯಾವುದೆಂದು ಮೊದಲೇ ಗೊತ್ತಿದ್ದ, ಪ್ರಾಣಿಸಂಗ್ರಹಾಲಯಗಳ 16 ಹಿಮಚಿರತೆಗಳ ಚಿತ್ರಗಳನ್ನು ಎಂಟು ಮಂದಿಗೆ ಕೊಟ್ಟು ಗುರುತಿಸಲು ಹೇಳಿದರು. ಶೇ 12.5ರಷ್ಟು ಸಂದರ್ಭಗಳಲ್ಲಿ ತಪ್ಪಾಯಿತು. ಅಷ್ಟರಿಂದಲೇ ಒಟ್ಟು ಸಂಖ್ಯೆಯ ಅಂದಾಜು ಸರಾಸರಿ ಮೂರನೇ ಒಂದು ಭಾಗದಷ್ಟು ಹೆಚ್ಚಾಗಿ ಬಂತು.

ಸಣ್ಣ ತಪ್ಪು ದೊಡ್ಡದಾಗುವುದು ಹೇಗೆ? ನಮ್ಮ ಉದಾಹರಣೆಗೆ ಮರಳಿ. ಎರಡೂ ತಿಂಗಳು ಸಿಕ್ಕ 6ರಲ್ಲಿ ಒಂದನ್ನು ಗುರುತಿಸದೆ ಹೊಸದೆಂದು ಬರೆದೆವು ಎನ್ನಿ. ಆಗ 10 × 12 ÷ 5 = 24. ಒಂದೇ ಒಂದು ತಪ್ಪಿಗೆ, ಹುಟ್ಟದೇ ಇರುವ ನಾಲ್ಕು ಹಿಮಚಿರತೆಗಳು ಪುಸ್ತಕದಲ್ಲಿ ಹುಟ್ಟಿಕೊಂಡವು! ಇಲ್ಲಿ ಸಂಖ್ಯೆ ಹೆಚ್ಚು ಬರೆಯುವುದು ಸಣ್ಣ ವಿಷಯವಲ್ಲ. ಬೇಕಾದಷ್ಟಿವೆ ಎಂದು ನಂಬಿದವರು ರಕ್ಷಣೆಗೆ ಹಣ ಏಕೆ ಇಡುತ್ತಾರೆ?

8. ನಷ್ಟ ಯಾರ ಖಾತೆಗೆ?

ಇನ್ನು ನನ್ನ ಪ್ರಶ್ನೆ. ಹಿಮಚಿರತೆ ಕುರಿ, ಮೇಕೆಯನ್ನೂ ತಿನ್ನುತ್ತದೆ ಎಂದು ಮೊದಲೇ ಹೇಳಿದೆ. ಹಿಮಾಚಲದ ಸ್ಪಿತಿ ಪ್ರದೇಶದಲ್ಲಿ, ಕಿಬ್ಬರ್ ಎಂಬ ಹಳ್ಳಿಯ ಸುತ್ತ ಚಾರುದತ್ತ ಮಿಶ್ರಾ ಅವರು ನಡೆಸಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಹಳ್ಳಿಗರ ಹೇಳಿಕೆಯಂತೆ 18 ತಿಂಗಳಲ್ಲಿ 189 ಜಾನುವಾರುಗಳು ಕಾಡುಪ್ರಾಣಿಗಳ ಬಾಯಿಗೆ ಹೋಗಿದ್ದವು. ಅದು ಅವರ ಒಟ್ಟು ಜಾನುವಾರುಗಳ ಶೇ 18. ಸರ್ಕಾರದಿಂದ ಸಿಕ್ಕ ಪರಿಹಾರ ಅವರು ಹೇಳಿದ ವಾರ್ಷಿಕ ನಷ್ಟದ ಶೇ 3 ಮಾತ್ರ. ಉಳಿದ ಶೇ 97 ಅವರ ಮನೆಯ ಖಾತೆಗೇ ಬಿತ್ತು.

ಇದು ನನಗೆ ಬರೀ ಅಂಕಿಯಲ್ಲ. ನನ್ನ ಮಾಮೂ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೇಕೆ ಸಾಕುತ್ತಾರೆ. ಕಳೆದ ವರ್ಷ ಚಿರತೆ ಎರಡು ಮೇಕೆಗಳನ್ನು ಒಯ್ದಿತು. ಮೊದಲನೆಯದರ ದೇಹವೇ ಸಿಗದ ಕಾರಣ ಅದಕ್ಕೆ ಅರ್ಜಿ ಹಾಕಲೂ ಆಗಲಿಲ್ಲ. ಮಾಮೂ ಹೇಳಿದ್ದು ಇಷ್ಟೇ: "ಅದಕ್ಕೂ ಹೊಟ್ಟೆ ಇದೆ, ಸರಿ. ಆದರೆ ಅದು ತಿಂದದ್ದು ನಿನ್ನ ತಂಗಿಯ ಸ್ಕೂಲ್ ಫೀಸು." ಅವರಿಗೆ ಚಿರತೆಯ ಮೇಲೆ ದ್ವೇಷವಿಲ್ಲ. ಎರಡನೆಯ ಸಲವೂ, ಮೂರನೆಯ ಸಲವೂ ಹೀಗೇ ಆದರೆ ದ್ವೇಷ ಹುಟ್ಟದೇ ಇರುತ್ತದೆಯೇ? ಸ್ಪಿತಿಯ ಕುರಿಗಾಹಿಯ ಮನಸ್ಸೂ ಇದೇ ಅಲ್ಲವೇ?

ಅರ್ಥಶಾಸ್ತ್ರದಲ್ಲಿ ನಾವು "ಬಾಹ್ಯತೆ" ಎಂಬ ಪಾಠ ಓದುತ್ತೇವೆ. ಒಬ್ಬರ ಕೆಲಸದಿಂದ ಇನ್ನೊಬ್ಬರಿಗೆ ಲಾಭವಾದರೂ ಅದಕ್ಕೆ ಬೆಲೆ ಸಂದಾಯವಾಗುವುದಿಲ್ಲ. ನಷ್ಟವಾದರೂ ದಂಡ ಕಟ್ಟುವವರಿಲ್ಲ. ಹಿಮಚಿರತೆ ಉಳಿದರೆ ಸಂತೋಷ ಜಗತ್ತಿಗೆಲ್ಲ, ನಷ್ಟ ಕುರಿ ಸಾಕಿದ ಒಂದು ಮನೆಗೆ. ಈ ಅಂತರವನ್ನು ತುಂಬದೆ "ಪ್ರಾಣಿಗಳನ್ನು ಉಳಿಸಿ" ಎಂದು ಹೇಳುವುದು ಬೇರೆಯವರ ಜೇಬಿನಿಂದ ದಾನ ಮಾಡಿದ ಹಾಗೆ.

ತುಂಬುವ ಪ್ರಯತ್ನಗಳು ನಡೆದಿವೆ. ಮೂರನ್ನು ಹೇಳುತ್ತೇನೆ.

ಒಂದು, ವಿಮೆ. 2002ರಲ್ಲಿ ಕಿಬ್ಬರ್‌ನಲ್ಲಿ ಹಳ್ಳಿಯವರೇ ನಡೆಸುವ ಜಾನುವಾರು ವಿಮೆ ಆರಂಭವಾಯಿತು. ಜಾನುವಾರು ಇರುವವರು ಕಂತು ಕಟ್ಟುತ್ತಾರೆ, ಹೊರಗಿನ ನೆರವೂ ಸೇರುತ್ತದೆ, ಪರಿಹಾರ ಯಾರಿಗೆ ಎಂಬುದನ್ನು ಊರಿನ ಸಮಿತಿಯೇ ನೋಡಿ ತೀರ್ಮಾನಿಸುತ್ತದೆ. ಸುಳ್ಳು ಹೇಳಿದರೆ ನಿಧಿಯೇ ಖಾಲಿಯಾಗುತ್ತದೆ, ಹಾಗಾಗಿ ಸುಳ್ಳು ಹೇಳುವವರು ಕಡಿಮೆ. ವಿಮೆಯ ಪಾಠದಲ್ಲಿ ಬರುವ "ಪರಮ ಸದ್ಭಾವನೆಯ ತತ್ವ" ಇಲ್ಲಿ ಕೆಲಸ ಮಾಡುತ್ತಿದೆ.

ಎರಡು, ಭದ್ರವಾದ ರೊಪ್ಪ. ತೆರೆದ ಕುರಿರೊಪ್ಪಕ್ಕೆ ಹಿಮಚಿರತೆ ಹಾರಿದರೆ ಹೆದರಿ ಓಡಾಡುವ ಕುರಿಗಳನ್ನು ಒಂದೇ ರಾತ್ರಿ ಹಲವಾರು ಕೊಲ್ಲಬಹುದು. ಮೇಲೆ ತಂತಿಬಲೆಯ ಮಾಡು, ಗಟ್ಟಿ ಬಾಗಿಲು ಹಾಕಿದರೆ ರಾತ್ರಿಯ ಆ ನಷ್ಟ ನಿಲ್ಲುತ್ತದೆ. ಲಡಾಖ್‌ನಲ್ಲಿ ಇಂಥ ರೊಪ್ಪಗಳನ್ನು ಕಟ್ಟಿಸಲು ಸಂಸ್ಥೆಗಳು ನೆರವಾಗಿವೆ.

ಮೂರು, ಹೋಮ್‌ಸ್ಟೇ. ನುಬ್ರಾ ಕಣಿವೆಯ ರಿಂಚೆನ್ ವಾಂಗ್‌ಚುಕ್ ಮತ್ತು ಅವರ ಸಂಗಡಿಗರು ಹೆಮಿಸ್ ಭಾಗದ ಹಳ್ಳಿಗಳಲ್ಲಿ ಈ ಯೋಜನೆಯನ್ನು ಬೆಳೆಸಿದರು. ಹಿಮಚಿರತೆ ನೋಡಲು ಬಂದವರು ಹಳ್ಳಿಯ ಮನೆಯಲ್ಲೇ ಉಳಿಯುತ್ತಾರೆ. ಅತಿಥಿಗಳು ಸರದಿಯ ಪ್ರಕಾರ ಒಂದೊಂದು ಮನೆಗೆ ಹೋಗುತ್ತಾರೆ. ಮನೆಯ ಹೆಂಗಸರೇ ಇದನ್ನು ನಡೆಸುವುದು ಹೆಚ್ಚು. ಆದಾಯದ ಶೇ 10 ಊರಿನ ಸಂರಕ್ಷಣಾ ನಿಧಿಗೆ ಸೇರುತ್ತದೆ. ಕುರಿ ತಿನ್ನುವ ಪ್ರಾಣಿ ಆಗ ಚಳಿಗಾಲದ ಆದಾಯಕ್ಕೂ ದಾರಿಯಾಯಿತು. ಖರ್ಚಿನ ಬದಿಯಲ್ಲಿದ್ದ ಹೆಸರು ಜಮೆಯ ಬದಿಗೂ ಬಂತು.

ಕಿಬ್ಬರ್‌ನಲ್ಲಿ ಈಗ ಕೆಲವು ಮಹಿಳೆಯರೇ ತರಬೇತಿ ಪಡೆದು ಹಿಮದಲ್ಲಿ ನಡೆದು ಕ್ಯಾಮೆರಾ ಟ್ರ್ಯಾಪ್ ಇಡುತ್ತಾರೆ, ಚಿತ್ರಗಳಲ್ಲಿ ಪ್ರಾಣಿಗಳನ್ನು ಗುರುತಿಸುತ್ತಾರೆ. ಒಂದು ಕಾಲದಲ್ಲಿ ನಷ್ಟ ಅನುಭವಿಸಿದ ಊರು ಇಂದು ಲೆಕ್ಕ ಬರೆಯುತ್ತಿದೆ.

9. ನೋಡುವವರ ಜವಾಬ್ದಾರಿ

ಚಳಿಗಾಲ ಪ್ರಾಣಿಗೂ ಕಷ್ಟದ ಕಾಲ. ಆಹಾರ ಕಡಿಮೆ, ಮೈ ಬೆಚ್ಚಗಿಡಲು ಬೇಕಾದ ಶಕ್ತಿ ಹೆಚ್ಚು. ಹತ್ತಿರದ ಚಿತ್ರಕ್ಕಾಗಿ ಅಟ್ಟಿಸಿಕೊಂಡು ಹೋದರೆ, ಬೇಟೆಯ ಪಕ್ಕ ಗುಂಪು ಸೇರಿದರೆ, ತಲೆಯ ಮೇಲೆ ಡ್ರೋನ್ ಹಾರಿಸಿದರೆ ಅದು ಊಟ ಬಿಟ್ಟು ಓಡಬೇಕಾಗುತ್ತದೆ. ಆ ಊಟ ಮತ್ತೆ ಯಾವಾಗ ಸಿಗುತ್ತದೋ. ಪ್ರವಾಸಿಗರು ಬಿಟ್ಟ ಕಸ ತಿಂದು ಹೆಚ್ಚುವ ಬೀದಿನಾಯಿಗಳೂ ಲಡಾಖ್‌ನ ಕಾಡುಪ್ರಾಣಿಗಳಿಗೆ ತೊಂದರೆ ಕೊಡುತ್ತಿವೆ.

ಇನ್ನೊಂದು ಜವಾಬ್ದಾರಿ ಸತ್ಯದ್ದು. 2011ರಲ್ಲಿ ಬಿಬಿಸಿಯ "ಫ್ರೋಜನ್ ಪ್ಲಾನೆಟ್" ಸರಣಿಯಲ್ಲಿ ಹಿಮದ ಗುಹೆಯೊಳಗಿನ ಹಿಮಕರಡಿ ಮರಿಗಳ ದೃಶ್ಯ ಬಂತು. ಅದನ್ನು ಚಿತ್ರೀಕರಿಸಿದ್ದು ಯುರೋಪಿನ ಒಂದು ಪ್ರಾಣಿಸಂಗ್ರಹಾಲಯದಲ್ಲಿ ಎಂದು ತಿಳಿದಾಗ ದೊಡ್ಡ ಚರ್ಚೆಯಾಯಿತು. ಕಾಡಿನ ಗುಹೆಗೆ ಕ್ಯಾಮೆರಾ ಒಯ್ದರೆ ಮರಿಗಳಿಗೂ ಜನರಿಗೂ ಅಪಾಯ ಎಂಬ ತಯಾರಕರ ಕಾರಣ ಒಪ್ಪುವಂಥದ್ದೇ. ಹಾಗಿದ್ದರೆ ಅದನ್ನು ತೆರೆಯ ಮೇಲೇ ಹೇಳಬಹುದಿತ್ತು ಎಂಬುದು ನೋಡುಗರ ವಾದ. ನನ್ನ ಅಭಿಪ್ರಾಯವೂ ಅದೇ. ಲೆಕ್ಕಪತ್ರದ ಕೆಳಗೆ ಟಿಪ್ಪಣಿ ಬರೆಯುವಂತೆ, ಚಿತ್ರಕ್ಕೂ ಟಿಪ್ಪಣಿ ಬೇಕು.

ನಾನಿಗೆ ನಾನು ಕೊಟ್ಟ ಉತ್ತರ ಹೀಗಿತ್ತು: ಕಾಣದ ಪ್ರಾಣಿಯನ್ನು ತಾಳ್ಮೆಯಿಂದ, ಸೂತ್ರದಿಂದ ಮತ್ತು ಆ ಬೆಟ್ಟದಲ್ಲಿ ಬದುಕುವವರ ಸಹಾಯದಿಂದ ಎಣಿಸುತ್ತಾರೆ. ಮೂರನೆಯದಿಲ್ಲದೆ ಮೊದಲೆರಡು ನಡೆಯುವುದಿಲ್ಲ. ವಾಣಿಜ್ಯ ಓದುವ ನಾವು ಮುಂದೆ ಬ್ಯಾಂಕು, ವಿಮೆ, ಪ್ರವಾಸೋದ್ಯಮ, ಆಡಳಿತ ಹೀಗೆ ಎಲ್ಲೆಲ್ಲಿಗೋ ಹೋಗುತ್ತೇವೆ. ಎರಡು ಮೇಕೆ ಕಳೆದುಕೊಂಡವರಿಗೆ ನ್ಯಾಯವಾಗಿ, ಬೇಗ ಹಣ ತಲುಪುವ ವ್ಯವಸ್ಥೆ ರೂಪಿಸುವುದು ನಮ್ಮಂಥವರ ಕೆಲಸ. ಹಿಮಚಿರತೆಯನ್ನಾಗಲಿ ನಮ್ಮೂರಿನ ಚಿರತೆಯನ್ನಾಗಲಿ ಉಳಿಸುವುದರಲ್ಲಿ ಆ ಕೆಲಸಕ್ಕೂ ಕ್ಯಾಮೆರಾದಷ್ಟೇ ಬೆಲೆ ಇದೆ.

ಅಭ್ಯಾಸಕ್ಕೆ

1. ಒಂದು ಕಣಿವೆಯಲ್ಲಿ ಮೊದಲ ಸುತ್ತಿನಲ್ಲಿ 15, ಎರಡನೇ ಸುತ್ತಿನಲ್ಲಿ 20 ಹಿಮಚಿರತೆಗಳು ಸಿಕ್ಕವು. ಎರಡೂ ಸುತ್ತಿನಲ್ಲಿ ಸಿಕ್ಕವು 12. ಒಟ್ಟು ಅಂದಾಜು ಎಷ್ಟು? ಆ 12ರಲ್ಲಿ 2ನ್ನು ಹೊಸದೆಂದು ತಪ್ಪಾಗಿ ಬರೆದರೆ ಅಂದಾಜು ಎಷ್ಟಾಗುತ್ತದೆ? (ಉತ್ತರ: 25, 30)

2. ದೇಶದ 718 ಹಿಮಚಿರತೆಗಳಲ್ಲಿ ಲಡಾಖ್‌ನ ಪಾಲು ಶೇಕಡಾ ಎಷ್ಟು? (ಉತ್ತರ: ಸುಮಾರು ಶೇ 66)

3. ಒಂದು ಹಳ್ಳಿಯಲ್ಲಿ 200 ಕುರಿಗಳಿವೆ, ಒಂದರ ಬೆಲೆ 8,000 ರೂಪಾಯಿ ಎಂದುಕೊಳ್ಳಿ. ವರ್ಷಕ್ಕೆ 5 ಕುರಿ ಕಾಡುಪ್ರಾಣಿಗೆ ಹೋಗುತ್ತವೆ. ಪೂರ್ತಿ ನಷ್ಟ ತುಂಬಲು ಪ್ರತಿ ಕುರಿಗೆ ಎಷ್ಟು ಕಂತು ಕಟ್ಟಬೇಕು? (ಉತ್ತರ: 200 ರೂಪಾಯಿ) ಇದರಲ್ಲಿ ಎಷ್ಟು ಭಾಗವನ್ನು ಹಳ್ಳಿಯವರು, ಎಷ್ಟು ಭಾಗವನ್ನು ಹಿಮಚಿರತೆ ನೋಡಲು ಬರುವವರು ಕೊಡಬೇಕು? ಇದಕ್ಕೆ ಉತ್ತರ ಪುಸ್ತಕದಲ್ಲಿಲ್ಲ. ತರಗತಿಯಲ್ಲಿ ಚರ್ಚಿಸಿ.